ಮಲ್ಚ್ ಬ್ಲೋವರ್ ಕೈಕೊಟ್ಟಾಗ: ಮೊದಲು ಮಾಲು, ಆಮೇಲೆ ಪೈಪು, ಕೊನೆಗೆ ಮೆಷಿನ್

ಗಿಡದ ಬುಡಕ್ಕೆ ದರಗು ಎಳೆದು ಹಾಕುವುದು, ಅಂದರೆ ಮಲ್ಚ್, ನಮ್ಮ ಕಡೆ ಅಜ್ಜನ ಕಾಲದ ಕೆಲಸ. ಹೊಸದೇನಿದ್ದರೂ ಅದನ್ನು ಗಾಳಿಯಲ್ಲಿ ಊದಿ ಹಾಕುವುದು ಮಾತ್ರ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಸುತ್ತ ಹೋಂಸ್ಟೇಗಳು ಹೆಚ್ಚಾದವು. ಎಲ್ಲವೂ ಇಳಿಜಾರಿನ ಮೇಲೆ. ಮಾಲಿನ (ಮರದ ಚಕ್ಕೆ, ಹೊಟ್ಟು) ಗಾಡಿ ರಸ್ತೆಯಲ್ಲೇ ನಿಲ್ಲುತ್ತದೆ, ಹೂದೋಟ ಮೂವತ್ತು ಅಡಿ ಮೇಲಿರುತ್ತದೆ. ಬುಟ್ಟಿಯಲ್ಲಿ ಹೊರಲು ಆಳು ಸಿಗುವುದಿಲ್ಲ. ಆಗ ನೆನಪಾಗುವುದು ಬ್ಲೋವರ್.

ಈ ಮೆಷಿನ್ ಕೆಲಸ ಮಾಡುವಾಗ ನೋಡಲು ಚೆಂದ. ನಿಂತುಬಿಟ್ಟರೆ ಮಾತ್ರ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ: ಸ್ಪಾನರ್ ತೆಗೆದು ಏರ್‌ಲಾಕ್ ಬಿಚ್ಚಲು ಕೂರುತ್ತಾರೆ. ನಾನೂ ಮಾಡಿದ್ದೇನೆ. ಅರ್ಧ ದಿನ ಬಿಚ್ಚಿ ಜೋಡಿಸಿದ ಮೇಲೆ, ತಪ್ಪು ಮೆಷಿನ್‌ದಲ್ಲ, ಹಿಂದಿನ ರಾತ್ರಿ ಮಳೆಯಲ್ಲಿ ನೆಂದ ಚಕ್ಕೆಯದು ಎಂದು ಗೊತ್ತಾಗಿದೆ. ಅದಕ್ಕೇ ಈ ಬರಹದಲ್ಲಿ ಹೆಚ್ಚಿನ ಕಡೆ ಒಂದೇ ಕ್ರಮ. ಮೊದಲು ಮಾಲು ನೋಡಿ. ಆಮೇಲೆ ಪೈಪು. ಮೆಷಿನ್ ಕೊನೆಗೆ.

ಮೆಷಿನ್ ಒಳಗೆ ಏನಿದೆ ಎಂದು ಎರಡು ಮಾತು. ಮೇಲೆ ಹಾಪರ್, ಅಂದರೆ ಮಾಲು ತುಂಬುವ ದೊಡ್ಡ ಡಬ್ಬ. ಅದರ ತಳದಲ್ಲಿ ಮಾಲನ್ನು ಮುಂದಕ್ಕೆ ತಳ್ಳುವ ಚೈನು ಅಥವಾ ಬೆಲ್ಟು, ಜೊತೆಗೆ ಕಲಕುವ ಕಡ್ಡಿಗಳು. ಅಲ್ಲಿಂದ ಮಾಲು ಏರ್‌ಲಾಕ್‌ಗೆ ಬೀಳುತ್ತದೆ. ರೈಸ್ ಮಿಲ್ಲಿನ ಸೈಕ್ಲೋನ್ ಅಡಿಯಲ್ಲಿ ತಿರುಗುವ ರೆಕ್ಕೆಗಳ ಡಬ್ಬ ನೋಡಿದ್ದೀರಲ್ಲ, ಅದೇ. ಮಾಲನ್ನು ಕೆಳಗೆ ಬಿಡುತ್ತದೆ, ಗಾಳಿಯನ್ನು ಮೇಲೆ ಬಿಡುವುದಿಲ್ಲ. ಪಕ್ಕದಲ್ಲಿ ಬ್ಲೋವರ್ ಗಾಳಿ ಒದಗಿಸುತ್ತದೆ. ಆ ಗಾಳಿ ಮಾಲನ್ನು 4 ಇಂಚಿನ ಪೈಪಿನಲ್ಲಿ ಹೊತ್ತೊಯ್ಯುತ್ತದೆ. ಇಷ್ಟೇ.

ಕೈ ಹಾಕುವ ಮೊದಲು

ಏರ್‌ಲಾಕ್ ರೆಕ್ಕೆಗೂ ಗೋಡೆಗೂ ನಡುವೆ ಕಾಗದ ಹೋಗುವಷ್ಟೂ ಜಾಗ ಇರುವುದಿಲ್ಲ. ಬೆರಳು ಸಿಕ್ಕರೆ ಹೋಯಿತು. ಹಾಗಾಗಿ ಹಾಪರ್, ಏರ್‌ಲಾಕ್, ಬೆಲ್ಟು, ಯಾವುದನ್ನು ಮುಟ್ಟುವುದಿದ್ದರೂ ಇಂಜಿನ್ ಆಫ್ ಮಾಡಿ. ಕೀ ನಿಮ್ಮ ಜೇಬಿನಲ್ಲಿರಲಿ, ಡ್ಯಾಶ್‌ಬೋರ್ಡಿನ ಮೇಲಲ್ಲ. ಬ್ಯಾಟರಿಯ ಒಂದು ವೈರು ಬಿಚ್ಚಿ. ಆಫ್ ಮಾಡಿದ ಮೇಲೂ ರೆಕ್ಕೆ ಸ್ವಲ್ಪ ಹೊತ್ತು ತಿರುಗುತ್ತದೆ. ಪೂರ್ತಿ ನಿಲ್ಲುವವರೆಗೆ ಕಾಯಿರಿ. ಹಾಪರ್ ಒಳಗೆ ಇಳಿದು ಕಾಲಿನಿಂದ ಮಾಲು ತುಳಿಯುವ ಅಭ್ಯಾಸ ಕೆಲವು ಹುಡುಗರಿಗಿದೆ. ಅದನ್ನು ಮೊದಲ ದಿನವೇ ಬಿಡಿಸಿ.

ಗಾಳಿಯ ಒತ್ತಡ ತೋರಿಸುವ ಗೇಜು ಸೊನ್ನೆಗೆ ಇಳಿಯದೆ ಪೈಪಿನ ಜಾಯಿಂಟ್ ಬಿಚ್ಚಬೇಡಿ. ಒಮ್ಮೆ ನಾನು ಆತುರಪಟ್ಟು ಜಾಯಿಂಟ್ ಬಿಗಿಯುವ ಕ್ಯಾಮ್‌ಲಾಕ್‌ನ ಕಿವಿ ಎತ್ತಿದೆ. ಪೈಪು ಹಾವಿನಂತೆ ಎಗರಿ ಪಕ್ಕದ ಡೀಸೆಲ್ ಡ್ರಮ್ಮಿಗೆ ಬಡಿಯಿತು. ಡ್ರಮ್ಮಿನ ತಗ್ಗು ಇನ್ನೂ ಹಾಗೇ ಇದೆ. ಅಲ್ಲಿ ನನ್ನ ಮೊಣಕಾಲು ಇರಬೇಕಿತ್ತು. ಪ್ರತಿ ಜಾಯಿಂಟಿಗೂ ಪಿನ್ ಮತ್ತು ಸೇಫ್ಟಿ ಚೈನ್ ಹಾಕಿ.

ಒತ್ತಡ ಹೆಚ್ಚಾದಾಗ ಗಾಳಿ ಹೊರಬಿಡುವ ರಿಲೀಫ್ ವಾಲ್ವ್ ಪದೇ ಪದೇ ಎದ್ದು ಕಿರುಚುತ್ತದೆ ಎಂದು ಅದನ್ನು ತಂತಿ ಸುತ್ತಿ ಕಟ್ಟಿದವರನ್ನು ನೋಡಿದ್ದೇನೆ. ಕುಕ್ಕರಿನ ಸೀಟಿಗೆ ಕಲ್ಲು ಹೇರಿದ ಹಾಗೆ ಅದು. ವಾಲ್ವ್ ಏಳುತ್ತಿದ್ದರೆ ಪೈಪಿನಲ್ಲಿ ಏನೋ ಇದೆ ಎಂದರ್ಥ.

ಪೈಪು ಹಿಡಿದವನಿಗೆ ಕನ್ನಡಕ, ಮಾಸ್ಕ್, ಕಿವಿಗೆ ಮುಚ್ಚಳ ಬೇಕೇ ಬೇಕು. ಹಳೆಯ ರಾಶಿಯಲ್ಲಿ ಬೂಷ್ಟು ಹಿಡಿದಿರುತ್ತದೆ. ಅದರ ಪುಡಿ ಎದೆಗೆ ಒಳ್ಳೆಯದಲ್ಲ. ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಹಾಕಿ. ಊದುವ ದಿಕ್ಕಿನಲ್ಲಿ 50 ಅಡಿವರೆಗೆ ಜನ, ದನ, ನಾಯಿ, ಕಾರಿನ ಗಾಜು ಯಾವುದೂ ಬೇಡ. ಒಂದು ಕಲ್ಲು ಬಂದರೆ ಗುಂಡಿನಂತೆ ಬರುತ್ತದೆ.

ಇನ್ನೊಂದು ವಿಷಯ. ತೋಟದ ಒಳಗೆ ಫೋನ್ ಸಿಗ್ನಲ್ ನಂಬಬೇಡಿ, ಇಂಜಿನ್ ಸದ್ದಿನಲ್ಲಿ ಕೂಗಿದರೂ ಕೇಳಿಸದು. ನಾವು ಸೀಟಿ ಇಟ್ಟುಕೊಂಡಿದ್ದೇವೆ. ಒಂದು ಸೀಟಿ ಎಂದರೆ ಮಾಲು ನಿಲ್ಲಿಸು. ಎರಡು ಎಂದರೆ ಎಲ್ಲವನ್ನೂ ನಿಲ್ಲಿಸು.

ಗೇಜಿನ ಭಾಷೆ ಮೊದಲು ಕಲಿಯಿರಿ

ಈ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ರೂಟ್ಸ್ ಮಾದರಿಯ ಬ್ಲೋವರ್. ಅದು ಒಂದು ಸುತ್ತಿಗೆ ಇಷ್ಟು ಎಂದು ಹೆಚ್ಚುಕಡಿಮೆ ಲೆಕ್ಕದ ಗಾಳಿ ತಳ್ಳುತ್ತದೆ. ಒತ್ತಡ ಹುಟ್ಟುವುದು ಮುಂದೆ ಅಡ್ಡಿ ಇದ್ದರೆ ಮಾತ್ರ. ಇದೊಂದು ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಗೇಜು ಏರಿದರೆ ಮುಂದೆ ಅಡ್ಡಿ ಇದೆ. ಗೇಜು ಬಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ, ಇಲ್ಲವೇ ಬ್ಲೋವರ್‌ಗೇ ಗಾಳಿ ಸಿಗುತ್ತಿಲ್ಲ, ಇಲ್ಲವೇ ಪೈಪಿನಲ್ಲಿ ಮಾಲೇ ಇಲ್ಲ.

ಮೆಷಿನ್ ಚೆನ್ನಾಗಿರುವ ದಿನ ಖಾಲಿ ಪೈಪಿನಲ್ಲಿ ಓಡಿಸಿ, ಗೇಜು ಎಷ್ಟು ತೋರಿಸುತ್ತದೆ ಎಂದು ಪೇಂಟಿನಲ್ಲಿ ಬರೆದಿಡಿ. ನಮ್ಮದು 100 ಅಡಿ ಪೈಪಿಗೆ ಖಾಲಿ ಇದ್ದಾಗ 2 ಪಿಎಸ್‌ಐ (ಒತ್ತಡದ ಅಳತೆ) ಹತ್ತಿರ, ಮಾಲು ಹೋಗುವಾಗ 5–6, ವಾಲ್ವ್ ಏಳುವುದು 10ಕ್ಕೆ. ನಿಮ್ಮದು ಬೇರೆ ಇರುತ್ತದೆ. ನಿಮ್ಮ ಅಂಕಿ ನಿಮಗೆ ಗೊತ್ತಿರಬೇಕು. ಜ್ವರ ಬಂದಿದೆಯೋ ಇಲ್ಲವೋ ಹೇಳಲು ಮಾಮೂಲಿ ಮೈಬಿಸಿ ಗೊತ್ತಿರಬೇಕಲ್ವಾ?

ಗಾಳಿ ಬರುತ್ತಿದೆ, ಮಾಲು ಬರುತ್ತಿಲ್ಲ

ಗೇಜು ಖಾಲಿ ಪೈಪಿನ ಅಂಕಿಯಲ್ಲೇ ನಿಂತಿದೆ. ತುದಿಯಲ್ಲಿ ಗಾಳಿ ಜೋರಾಗಿದೆ. ಹಾಗಾದರೆ ಬ್ಲೋವರ್ ಸರಿ, ಪೈಪೂ ಸರಿ. ಮಾಲು ಹಾಪರ್‌ನಿಂದ ಇಳಿಯುತ್ತಿಲ್ಲ.

ಏಣಿ ಹತ್ತಿ ಮೇಲಿನಿಂದ ನೋಡಿ. ಮೇಲ್ಗಡೆ ತುಂಬಿದಂತೆ ಕಾಣುತ್ತದೆ, ಕೆಳಗೆ ಗುಹೆಯಾಗಿರುತ್ತದೆ. ಒದ್ದೆ ಮಾಲು, ನಾರು ಮಾಲು ಹೀಗೆ ಕಮಾನು ಕಟ್ಟಿಕೊಂಡು ನಿಲ್ಲುತ್ತದೆ. ಮೆಷಿನ್ ನಿಲ್ಲಿಸಿ, ಹೊರಗೆ ನಿಂತೇ ಉದ್ದನೆಯ ಕೋಲಿನಿಂದ ಚುಚ್ಚಿ ಬೀಳಿಸಿ. ಹಾಪರ್ ಪೂರ್ತಿ ತುಂಬುವ ಬದಲು ಮುಕ್ಕಾಲು ತುಂಬಿದರೆ ಈ ತೊಂದರೆ ಎಷ್ಟೋ ಕಡಿಮೆ.

ಈಗ ಮಾಲಿನ ಪರೀಕ್ಷೆ. ರಾಶಿಯ ಮೇಲಿಂದಲ್ಲ, ಒಳಗಿನಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ನೀರು ತೊಟ್ಟಿಕ್ಕಿದರೆ ಇವತ್ತು ಊದಬೇಡಿ, ಹರಡಿ ಆರಲು ಬಿಡಿ. ಉಂಡೆಯಾಗಿ ನಿಂತು, ಬೆರಳಲ್ಲಿ ತಟ್ಟಿದರೆ ಒಡೆದರೆ ಒಳ್ಳೆಯದು. ಕೈ ಬಿಚ್ಚುತ್ತಲೇ ಪುಡಿ ಹಾರಿದರೆ ತೀರಾ ಒಣಗಿದೆ, ಸ್ವಲ್ಪ ನೀರು ಚಿಮುಕಿಸಿ. ಹಾಸನ ಜಿಲ್ಲೆಯೊಂದರಲ್ಲೇ ಇದು ಎಷ್ಟು ಬದಲಾಗುತ್ತದೆ ನೋಡಿ. ಅರಸೀಕೆರೆ ಕಡೆ ಬೇಸಿಗೆಯಲ್ಲಿ ನೀರು ಚಿಮುಕಿಸದೆ ಕೆಲಸ ಆಗದು. ಅದೇ ವಾರ ಸಕಲೇಶಪುರದಲ್ಲಿ ಬೆಳಗಿನ ಇಬ್ಬನಿಗೇ ರಾಶಿಯ ಮೇಲ್ಭಾಗ ನೆಂದಿರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಮಲೆನಾಡಿನ ಕಡೆ ಈ ಕೆಲಸ ಒಪ್ಪಿಕೊಳ್ಳದಿರುವುದೇ ಜಾಣತನ.

ಮಾಲು ಸರಿ, ಕಮಾನೂ ಇಲ್ಲ ಎಂದರೆ ತಳದ ಚೈನು ಓಡುತ್ತಿದೆಯೇ, ಏರ್‌ಲಾಕ್ ತಿರುಗುತ್ತಿದೆಯೇ ಎಂದು ಹೊರಗಿನ ಶಾಫ್ಟ್ ನೋಡಿ ತಿಳಿದುಕೊಳ್ಳಿ. ಮೋಟಾರ್ ತಿರುಗಿ ಶಾಫ್ಟ್ ತಿರುಗದಿದ್ದರೆ ಶಿಯರ್ ಬೋಲ್ಟ್ ತುಂಡಾಗಿದೆ. ಅದು ತುಂಡಾಗಲೆಂದೇ ಇರುವ ಬೋಲ್ಟು, ಗೇರನ್ನು ಉಳಿಸಲು. ಅದೇ ಅಳತೆಯ, ಅದೇ ಗ್ರೇಡಿನದನ್ನೇ ಹಾಕಿ. ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಗೇರ್ ಬಾಕ್ಸ್ ತುಂಡಾಗುತ್ತದೆ.

ಗೇಜು ಏರಿದೆ, ತುದಿಯಲ್ಲಿ ಏನೂ ಇಲ್ಲ

ಇದು ಚೋಕ್, ಅಂದರೆ ಪೈಪು ಕಟ್ಟಿಕೊಂಡಿದೆ. ಹತ್ತರಲ್ಲಿ ಏಳು ಸಲ ಮೆಷಿನ್ ನಿಲ್ಲುವುದು ಇದರಿಂದಲೇ ಎಂಬುದು ನನ್ನ ಅನುಭವದ ಲೆಕ್ಕ.

ಮೊದಲು ಮಾಲು ಬಿಡುವುದು ನಿಲ್ಲಿಸಿ. ಗಾಳಿ ಓಡುತ್ತಲೇ ಇರಲಿ. ಅರ್ಧ ನಿಮಿಷ ಕಾಯಿರಿ. ಸಣ್ಣ ಚೋಕ್ ಆಗಿದ್ದರೆ ತಾನೇ ಕೆಮ್ಮಿ ಹೊರಬರುತ್ತದೆ. ಆ ಹೊತ್ತಿನಲ್ಲಿ ತುದಿ ಹಿಡಿದವನು ಪೈಪಿನ ಬಾಯಿಯನ್ನು ನೆಲದ ಕಡೆ ತಿರುಗಿಸಿ ಗಟ್ಟಿಯಾಗಿ ಹಿಡಿದಿರಬೇಕು. ಒಳಗೆ ಇಣುಕಬಾರದು. ಮೂರಡಿ ಉದ್ದದ ಮಾಲಿನ ಗೂಟ ಒಂದೇ ಸಲ ಹಾರಿ ಬರುತ್ತದೆ.

ಬರದಿದ್ದರೆ ಎಲ್ಲ ಆಫ್. ಗೇಜು ಸೊನ್ನೆ ಆಗಲಿ. ಈಗ ಪೈಪಿನ ಉದ್ದಕ್ಕೂ ನಡೆದು ಕೋಲಿನಿಂದ ತಟ್ಟುತ್ತಾ ಹೋಗಿ. ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ. ಖಾಲಿ ಇರುವಲ್ಲಿ ಸದ್ದು ಟೊಳ್ಳಾಗಿರುತ್ತದೆ, ತುಂಬಿರುವಲ್ಲಿ ದಪ್ಪ. ಎತ್ತಿ ನೋಡಿದರೆ ತೂಕವೂ ಹೇಳುತ್ತದೆ. ತಟ್ಟಿದರೂ ಗೊತ್ತಾಗದಿದ್ದರೆ ಪೈಪನ್ನು ನಡುವಿನ ಜಾಯಿಂಟಿನಲ್ಲಿ ಬಿಚ್ಚಿ. ಮೆಷಿನ್ ಕಡೆಯ ಅರ್ಧಕ್ಕೆ ಮಾತ್ರ ಮೆಲ್ಲಗೆ ಗಾಳಿ ಬಿಡಿ. ಬಿಚ್ಚಿದ ತುದಿಯನ್ನು ಮೊದಲೇ ಮರಕ್ಕೆ ಬಿಗಿಯಾಗಿ ಕಟ್ಟಿರಿ, ಯಾರೂ ಹತ್ತಿರ ಇರಬಾರದು. ಗಾಳಿ ಸಲೀಸಾಗಿ ಬಂದರೆ ತೊಂದರೆ ಆಚೆಯ ಅರ್ಧದಲ್ಲಿದೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ 200 ಅಡಿ ಪೈಪಿನಲ್ಲೂ ಮೂರು ಸಲಕ್ಕೆ ಜಾಗ ಸಿಗುತ್ತದೆ. ಸಿಕ್ಕ ತುಂಡನ್ನು ಎತ್ತಿ, ಕುಲುಕಿ, ಒಂದು ಬದಿಯಿಂದ ಸುರಿಯಿರಿ. ಕಬ್ಬಿಣದ ಸರಳು ತೂರಿಸಿದರೆ ಒಳಪದರ ಸೀಳುತ್ತದೆ. ಆಮೇಲೆ ಆ ಸೀಳಿಗೇ ಮಾಲು ಸಿಕ್ಕಿಕೊಳ್ಳುತ್ತದೆ.

ತೆಗೆದದ್ದು ಸುಲಭ. ಯಾಕೆ ಕಟ್ಟಿತು ಎಂದು ತಿಳಿಯದೆ ಮತ್ತೆ ಶುರು ಮಾಡಿದರೆ ಹತ್ತೇ ನಿಮಿಷಕ್ಕೆ ಅಲ್ಲೇ ಕಟ್ಟುತ್ತದೆ. ಹೊರಗೆ ಬಿದ್ದ ಗೂಟವನ್ನು ಬಿಡಿಸಿ ನೋಡಿ. ನಡುವೆ ಸುತ್ತಲಿ ದಾರ, ಗೊಬ್ಬರದ ಚೀಲದ ಪ್ಲಾಸ್ಟಿಕ್, ಉದ್ದನೆಯ ತೊಗಟೆಯ ಪಟ್ಟಿ ಇದ್ದರೆ ಅಪರಾಧಿ ಮಾಲು. ಅಡಿಕೆ ಸಿಪ್ಪೆಯಂತೂ ಈ ಮೆಷಿನ್‌ನ ವೈರಿ. ಕೊಪ್ಪ, ಶೃಂಗೇರಿ ಕಡೆ ಸುಮ್ನೆ ಸಿಗುತ್ತದೆ ಎಂದು ಚಕ್ಕೆಗೆ ಬೆರೆಸಿದ್ದೆ. ನಾರು ಒಂದಕ್ಕೊಂದು ಹೆಣೆದುಕೊಂಡು ಪೈಪಿನಲ್ಲಿ ಹಗ್ಗ ಹೊಸೆದಿತ್ತು. ಅಡಿಕೆ ಸಿಪ್ಪೆಯನ್ನೂ ಕತ್ತರಿಸದ ತೆಂಗಿನ ಮಟ್ಟೆಯನ್ನೂ ಕೈಯಲ್ಲೇ ಹಾಸಿ. ಊದಲು ಹೇಳಿಮಾಡಿಸಿದ್ದು ನೆರಳು ಕಪಾತಿನಲ್ಲಿ (ತೋಟದ ನೆರಳು ಮರ ಸವರುವಾಗ) ಸಿಗುವ ಸಿಲ್ವರ್ ಓಕ್ ಕೊಂಬೆಯ ಚಕ್ಕೆ. ಆದರೆ ಕೊಂಬೆಯನ್ನು ಚಕ್ಕೆ ಮಾಡುವ ಚಿಪ್ಪರ್‌ನ ಬ್ಲೇಡ್ ಮೊಂಡಾಗಿದ್ದರೆ ಅದೂ ಚಕ್ಕೆಯಾಗದೆ ನಾರಾಗಿ ಸೀಳಿ ಬರುತ್ತದೆ. 4 ಇಂಚಿನ ಪೈಪಿಗೆ 2 ಇಂಚಿಗಿಂತ ಉದ್ದದ ಕಡ್ಡಿ ಬೇಡ ಎಂಬುದು ನಮ್ಮ ಲೆಕ್ಕ.

ಗೂಟದಲ್ಲಿ ಬರೀ ಒಳ್ಳೆಯ ಚಕ್ಕೆಯೇ ಇದ್ದರೆ ಪೈಪು ಹಾಕಿದ ರೀತಿ ನೋಡಿ. ಮಾಲು ಗಾಳಿಯಲ್ಲಿ ತೇಲಿ ಹೋಗಲು ಸೆಕೆಂಡಿಗೆ ಸುಮಾರು 20–25 ಮೀಟರ್ ವೇಗ ಬೇಕು. ಅದಕ್ಕಿಂತ ಇಳಿದರೆ ಚಕ್ಕೆ ಪೈಪಿನ ತಳದಲ್ಲಿ ಕೂರುತ್ತದೆ. ಕೂತ ಚಕ್ಕೆಯ ಮೇಲೆ ಇನ್ನೊಂದು ಕೂರುತ್ತದೆ. ವೇಗ ಕಳೆಯುವುದು ತಿರುವುಗಳಲ್ಲಿ, ಏರು ಶುರುವಾಗುವ ಬುಡದಲ್ಲಿ, ಪೈಪು ಮಡಚಿದಲ್ಲಿ. ಕಲ್ಲುಕಂಬ ಬಳಸಿ ಥಟ್ಟನೆ ತಿರುಗಿಸಬೇಡಿ, ದೊಡ್ಡ ಬಳಸು ಕೊಡಿ. ಬೇಡದ ಪೈಪನ್ನು ಸುರುಳಿ ಸುತ್ತಿ ಸಾಲಿನಲ್ಲಿ ಬಿಡಬೇಡಿ, ಬಿಚ್ಚಿ ಪಕ್ಕಕ್ಕಿಡಿ. ಮೇಲೆ ಊದುವಾಗ ಮಾಲು ನಿಲ್ಲಿಸಿದ ಮೇಲೂ ಒಂದು ನಿಮಿಷ ಗಾಳಿ ಬಿಟ್ಟು ಪೈಪು ಖಾಲಿ ಮಾಡಿ. ಊಟಕ್ಕೆ ಹೋಗುವ ಆತುರದಲ್ಲಿ ಇಂಜಿನ್ ಆಫ್ ಮಾಡಿದರೆ ಏರಿನಲ್ಲಿದ್ದ ಮಾಲೆಲ್ಲ ಕೆಳಗೆ ಜಾರಿ ಬುಡದಲ್ಲಿ ಗೂಟವಾಗುತ್ತದೆ.

ಯಾವಾಗಲೂ ಒಂದೇ ಜಾಯಿಂಟಿನಲ್ಲಿ ಕಟ್ಟುತ್ತಿದ್ದರೆ ಅದರೊಳಗಿನ ರಬ್ಬರ್ ವಾಷರ್ ನೋಡಿ. ಮೂಡಿಗೆರೆ ಹತ್ತಿರದ ಒಂದು ಕೆಲಸದಲ್ಲಿ ಬೆಳಗ್ಗೆಯಿಂದ ಮೂರು ಸಲ ಚೋಕ್. ಪೈಪು ಹಿಡಿದ ಹುಡುಗ "ಅಣ್ಣ, ಮೂರು ಸಲವೂ ಇದೇ ಜಾಯಿಂಟು" ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನೋಡಿದರೆ ವಾಷರ್‌ನ ಅರ್ಧ ಒಳಗೆ ನಾಲಿಗೆಯಂತೆ ಇಳಿಬಿದ್ದಿತ್ತು. ಹತ್ತು ರೂಪಾಯಿಯ ವಾಷರ್, ಅರ್ಧ ದಿನದ ಕೂಲಿ.

ತುದಿಯಲ್ಲಿ ಗಾಳಿ ಸೊರಗಿದೆ, ಗೇಜೂ ಕೆಳಗಿದೆ

ಇಲ್ಲಿ ಗಾಳಿ ಕಳೆದುಹೋಗುತ್ತಿದೆ. ಹುಡುಕುವ ಕ್ರಮ ಹೀಗಿರಲಿ.

ಮೊದಲು ಬ್ಲೋವರ್‌ನ ಏರ್ ಫಿಲ್ಟರ್. ಇದಕ್ಕೆ ಕಾಸೂ ಖರ್ಚಿಲ್ಲ, ಐದು ನಿಮಿಷ ಸಾಕು. ಕ್ಯೂರಿಂಗ್ ವರ್ಕ್ಸ್‌ನಿಂದ ತಂದ ಕಾಫಿ ಹೊಟ್ಟು ಊದಿದ ದಿನ ಫಿಲ್ಟರ್‌ಗೆ ಕಂಬಳಿ ಹೊದಿಸಿದಂತಾಗಿರುತ್ತದೆ. ಆ ದಿನಗಳಲ್ಲಿ ಪ್ರತಿ ಎರಡು ಗಂಟೆಗೆ ಬಡಿದು ಕೊಡವಿ. ಫಿಲ್ಟರ್ ತೆಗೆದಿಟ್ಟು ಓಡಿಸುವುದು ಮಾತ್ರ ಬೇಡ. ಒಂದು ಚಕ್ಕೆ ಒಳಗೆ ಹೋದರೆ ಬ್ಲೋವರ್‌ನ ಆಯಸ್ಸು ಅಲ್ಲಿಗೆ ಮುಗಿಯಿತು.

ಎರಡನೆಯದು ಬ್ಲೋವರ್ ತಿರುಗಿಸುವ ಬೆಲ್ಟು. ಕೀಚಲು ಸದ್ದು, ಸುಟ್ಟ ರಬ್ಬರ್ ವಾಸನೆ, ಪುಲ್ಲಿಯ ಕೆಳಗೆ ಕರಿಪುಡಿ ಇದ್ದರೆ ಬೆಲ್ಟ್ ಜಾರುತ್ತಿದೆ. ಇಂಜಿನ್ ನಿಲ್ಲಿಸಿ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಲ್ಲಿ ಒತ್ತಿ. ಸುಮಾರು ಅರ್ಧ ಇಂಚು ಬಗ್ಗಿದರೆ ಸರಿ. ಜಾಸ್ತಿ ಬಗ್ಗಿದರೆ ಬಿಗಿ ಮಾಡಿ. ಎರಡು ಮೂರು ಬೆಲ್ಟ್ ಇರುವ ಕಡೆ ಒಂದನ್ನೇ ಬದಲಿಸಬೇಡಿ, ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹಳತು ಹಿಗ್ಗಿರುತ್ತದೆ, ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ.

ಮೂರನೆಯದು ಜಾಯಿಂಟುಗಳು ಮತ್ತು ರಿಲೀಫ್ ವಾಲ್ವ್. ಸೋಪಿನ ನೀರು ಬಳಿದರೆ ಸೋರುವಲ್ಲಿ ಗುಳ್ಳೆ ಬರುತ್ತದೆ. ವಾಲ್ವ್‌ನ ಸೀಟಿಗೆ ಒಂದು ಕಸ ಸಿಕ್ಕಿಕೊಂಡರೆ ಪೂರ್ತಿ ಮುಚ್ಚುವುದಿಲ್ಲ. ಆಫ್ ಮಾಡಿ, ತಣ್ಣಗಾದ ಮೇಲೆ ಒರೆಸಿ. ಅದರ ಸ್ಪ್ರಿಂಗ್ ಸೆಟ್ಟಿಂಗ್ ತಿರುಗಿಸಬೇಡಿ.

ಪೈಪೇ ತೂತಾಗಿರಬಹುದು. ಸವೆಯುವುದು ಯಾವಾಗಲೂ ತಳಭಾಗ ಮತ್ತು ತಿರುವಿನ ಹೊರಬದಿ. ಆಗಾಗ ಪೈಪನ್ನು ಕಾಲು ಸುತ್ತು ಹೊರಳಿಸಿ ಹಾಕಿದರೆ ಎಲ್ಲ ಕಡೆ ಸಮನಾಗಿ ಸವೆಯುತ್ತದೆ.

ಇವೆಲ್ಲ ಸರಿ ಇದ್ದೂ ಗಾಳಿ ಸಾಲದಿದ್ದರೆ, ಮೆಷಿನ್ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ಹಾಸನ, ಚಿಕ್ಕಮಗಳೂರು ಊರುಗಳು ಸಮುದ್ರ ಮಟ್ಟಕ್ಕಿಂತ ಸುಮಾರು 1,000 ಮೀಟರ್ ಎತ್ತರದಲ್ಲಿವೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಟರ್ಬೊ ಇಲ್ಲದ ಡೀಸೆಲ್ ಇಂಜಿನ್‌ನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಮುಳ್ಳಯ್ಯನಗಿರಿ ತಪ್ಪಲಿನ ತೋಟಕ್ಕೆ ಹತ್ತಿದರೆ ಇನ್ನೂ ಕಡಿಮೆ. ಕೆಳಗೆ 200 ಅಡಿ ಎಳೆದ ಮೆಷಿನ್ ಮೇಲೆ 150 ಅಡಿಗೇ ಸುಸ್ತಾದರೆ ಅದು ರೋಗವಲ್ಲ. ಪೈಪು ಕಡಿಮೆ ಮಾಡಿ, ಮಾಲನ್ನು ನಿಧಾನ ಬಿಡಿ.

ಹಾಪರ್‌ನಲ್ಲಿ ಮಾಲು ಕುಣಿಯುತ್ತಿದೆ, ಇಲ್ಲವೇ ಏರ್‌ಲಾಕ್ ಟಕ್ಕೆಂದು ನಿಂತಿದೆ

ಹಾಪರ್ ಖಾಲಿಯಾಗುತ್ತಾ ಬಂದಾಗ ತಳದ ಚಕ್ಕೆಗಳು ಅವಲಕ್ಕಿ ಹುರಿದಂತೆ ಚಿಟಪಟ ಹಾರುತ್ತವೆಯೇ? ಮೇಲೆ ಧೂಳು ಉಗುಳುತ್ತಿದೆಯೇ? ಹಾಗಿದ್ದರೆ ಗಾಳಿ ಏರ್‌ಲಾಕ್ ದಾಟಿ ಹಿಂದಕ್ಕೆ ಬರುತ್ತಿದೆ. ಸ್ವಲ್ಪ ಬರುವುದು ಮಾಮೂಲಿ. ಪ್ರತಿ ರೆಕ್ಕೆಯ ಗೂಡು ಮೇಲೆ ಬರುವಾಗ ತನ್ನೊಳಗಿನ ಒತ್ತಿದ ಗಾಳಿಯನ್ನು ತರುತ್ತದೆ. ಆದರೆ ಸತತವಾಗಿ ಊದುತ್ತಿದ್ದರೆ ರೆಕ್ಕೆಯ ತುದಿಯ ಸೀಲು ಸವೆದಿದೆ. ಖಚಿತ ಮಾಡಿಕೊಳ್ಳಲು ಕೋಲಿನ ತುದಿಗೆ ಬಟ್ಟೆಯ ಪಟ್ಟಿ ಕಟ್ಟಿ ಖಾಲಿ ಹಾಪರ್ ಮೇಲೆ, ದೂರದಿಂದ ಹಿಡಿಯಿರಿ. ಪಟ್ಟಿ ತಡೆದು ತಡೆದು ಅಲುಗಿದರೆ ಪರವಾಗಿಲ್ಲ. ಬಾವುಟದಂತೆ ಹಾರುತ್ತಲೇ ಇದ್ದರೆ ಸೀಲ್ ಕೆಲಸ ಇದೆ. ಕೈ ಹಿಡಿದು ನೋಡಬೇಡಿ.

ಸೀಲು ಪಟ್ಟಿಗಳನ್ನು ಬೋಲ್ಟ್ ಸಡಿಲಿಸಿ ಹೊರಕ್ಕೆ ತಳ್ಳಿ ಮತ್ತೆ ಬಿಗಿ ಮಾಡಬಹುದಾದ ಮೆಷಿನ್‌ಗಳಿವೆ. ಅದು ಮೊದಲ ಉಪಾಯ. ಪಟ್ಟಿ ತೀರಿದ್ದರೆ ಹೊಸದು ಹಾಕಬೇಕು. ಎಲ್ಲ ರೆಕ್ಕೆಗೂ ಒಂದೇ ಅಳತೆ ಬರಬೇಕು. ಒಂದು ಪಟ್ಟಿ ಕೂದಲೆಳೆಯಷ್ಟು ಹೆಚ್ಚಾದರೂ ಅದೇ ಉಜ್ಜಿ ಸುಡುತ್ತದೆ. ಒಳಗಿನ ಗೋಡೆಯಲ್ಲಿ ಉಗುರಿಗೆ ಸಿಗುವಷ್ಟು ಗೀರು ಇದ್ದರೆ ಹೊಸ ಪಟ್ಟಿ ಹಾಕಿಯೂ ಪ್ರಯೋಜನವಿಲ್ಲ. ಆಗ ನಿಲ್ಲಿಸಿ, ಲೇತಿನವರ ಹತ್ತಿರ ಒಯ್ಯಿರಿ. ಕಾಫಿ ಪಲ್ಪರ್ ರಿಪೇರಿ ಮಾಡುವ ಮೆಕ್ಯಾನಿಕ್‌ಗಳಿಗೆ ಇಂಥ ಕೆಲಸದ ಕೈ ಚೆನ್ನಾಗಿ ಕೂತಿರುತ್ತದೆ.

ಏರ್‌ಲಾಕ್ ಟಕ್ಕೆಂದು ನಿಂತರೆ ಒಳಗೆ ಗಟ್ಟಿ ವಸ್ತು ಸಿಕ್ಕಿದೆ. ಜಲ್ಲಿಕಲ್ಲು, ಮೊಳೆ, ಬೇಲಿ ತಂತಿ, ಸಿಲ್ವರ್ ಓಕ್‌ನ ಗಂಟು. ಒಮ್ಮೆ ನಮಗೆ ಸಿಕ್ಕಿದ್ದು ಗಿಡ ಕಸಿ ಮಾಡುವ ಕತ್ತರಿ. ಹುಡುಕಿ ಹುಡುಕಿ ತೋಟದ ಗೌಡ್ರು ಹೊಸದೇ ತಂದಿದ್ದರು, ಪಾಪ. ರಿವರ್ಸ್ ಇದ್ದರೆ ಒಂದೆರಡು ಸಲ ಹಿಂದೆ ಮುಂದೆ ತಿರುಗಿಸಿ. ಬಿಡಲಿಲ್ಲವೇ, ಮೂರನೇ ಸಲ ಪ್ರಯತ್ನಿಸಬೇಡಿ. ಆಫ್ ಮಾಡಿ, ಕೀ ತೆಗೆದು, ಬ್ಯಾಟರಿ ವೈರು ಬಿಚ್ಚಿ, ಮುಚ್ಚಳ ತೆಗೆಯಿರಿ. ರೆಕ್ಕೆ ಹಿಂದಕ್ಕೆ ತಿರುಗಿಸಲು ಶಾಫ್ಟಿಗೆ ಪೈಪ್ ರೆಂಚ್ ಹಾಕಿ, ಸಿಕ್ಕಿದ್ದನ್ನು ಇಕ್ಕಳದಲ್ಲಿ ಎಳೆಯಿರಿ. ಹೈಡ್ರಾಲಿಕ್ ಮೋಟಾರ್ ಇರುವ ಮೆಷಿನ್‌ನಲ್ಲಿ ಒತ್ತಡ ಉಳಿದಿರುತ್ತದೆ. ಸಿಕ್ಕಿದ್ದು ಬಿಟ್ಟ ತಕ್ಷಣ ರೆಕ್ಕೆ ಅರ್ಧ ಸುತ್ತು ಜಿಗಿಯಬಹುದು. ಅದಕ್ಕೇ ಇಕ್ಕಳ, ಬೆರಳಲ್ಲ.

ಮಾಲು ನೆಲದ ಮೇಲೆ ನೇರವಾಗಿ ಸುರಿಸಬೇಡಿ, ಟಾರ್ಪಾಲ್ ಹಾಸಿ ಸುರಿಸಿ. ಕಲ್ಲಿನ ಕಾಟ ಅಲ್ಲಿಗೇ ಅರ್ಧ ತಪ್ಪುತ್ತದೆ. ತುಂಬುವ ಮೊದಲು ರಾಶಿಯನ್ನು ಕೋಲಿನಿಂದ ಕೆದಕಿ. ಹಾವು, ಚೇಳು ಬೆಚ್ಚಗಿನ ರಾಶಿ ಬಿಟ್ಟು ಬೇರೆಲ್ಲಿ ಇರುತ್ತವೆ?

ಬ್ಲೋವರ್ ಸುಡುತ್ತಿದೆ, ಇಂಜಿನ್ ಕಪ್ಪು ಹೊಗೆ ಬಿಡುತ್ತಿದೆ

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಹಾಗಾಗಿ ಬ್ಲೋವರ್‌ನ ಬಾಯಿ ಕೈ ಸುಡುವಷ್ಟು ಬಿಸಿ ಇರುವುದು ಸಹಜ. ಮುಟ್ಟಿ ನೋಡಬೇಡಿ. ಸಹಜವಲ್ಲದ್ದು ಬೇರೆ: ಬಣ್ಣ ಉಬ್ಬುವುದು, ಎಣ್ಣೆ ಸುಟ್ಟ ವಾಸನೆ, ಹತ್ತಿರದ ಪೈಪು ಮೆತ್ತಗಾಗುವುದು. ಕಾರಣ ಮತ್ತೆ ಅವೇ ಎರಡು. ಫಿಲ್ಟರ್ ಕಟ್ಟಿದೆ, ಇಲ್ಲವೇ ಬಹಳ ಹೊತ್ತಿನಿಂದ ಹೆಚ್ಚು ಒತ್ತಡದಲ್ಲಿ ಓಡಿಸಿದ್ದೀರಿ. ಆಮೇಲೆ ಗೇರ್ ಬದಿಯ ಎಣ್ಣೆ ನೋಡಿ. ನಿಲ್ಲಿಸಿ, ತಣ್ಣಗಾದ ಮೇಲೆ, ಸಮತಟ್ಟು ಜಾಗದಲ್ಲಿ. ಇಳಿಜಾರಿನಲ್ಲಿ ನಿಂತ ಗಾಡಿಯಲ್ಲಿ ಎಣ್ಣೆಗಾಜು ಸುಳ್ಳು ಹೇಳುತ್ತದೆ. ಎಣ್ಣೆ ಕಡಿಮೆ ಇದ್ದರೂ ಕಷ್ಟ, ಜಾಸ್ತಿ ಹಾಕಿದರೂ ಬಿಸಿಯಾಗುತ್ತದೆ.

ಒಳಗಿನಿಂದ ಲೋಹ ಲೋಹಕ್ಕೆ ಬಡಿಯುವ ಸದ್ದು ಬಂದರೆ ಆ ಕ್ಷಣವೇ ನಿಲ್ಲಿಸಿ. ಒಳಗಿನ ಎರಡು ರೋಟರ್‌ಗಳ ನಡುವಿನ ಸಂದು ಮಿಲಿಮೀಟರಿಗಿಂತ ಕಡಿಮೆ. ಅದನ್ನು ತೋಟದಲ್ಲಿ ಬಿಚ್ಚಿ ಸರಿ ಮಾಡಲಾಗದು. ಬ್ಲೋವರ್ ಕೆಲಸ ಗೊತ್ತಿರುವವರಿಗೆ ಮಾತ್ರ ಕೊಡಿ.

ಇಂಜಿನ್ ಕಪ್ಪು ಹೊಗೆ ಬಿಟ್ಟರೆ ಅದರ ಏರ್ ಫಿಲ್ಟರ್ ಮೊದಲು, ಮೇಲಿನ ಎತ್ತರದ ಮಾತು ಎರಡನೆಯದು. ನೀರು ಕುದಿದರೆ ರೇಡಿಯೇಟರ್ ಜಾಲರಿಗೆ ಹೊಟ್ಟು ಮೆತ್ತಿದೆ. ಸೈಲೆನ್ಸರ್ ಸುತ್ತ ಒಣಪುಡಿ ಕೂತಿದ್ದರೆ ಬೆಂಕಿಗೆ ಅಷ್ಟೇ ಸಾಕು. ದಿನಕ್ಕೆ ಎರಡು ಸಲ ಬ್ರಷ್ ಹೊಡೆಯಿರಿ, ನೀರಿನ ಕೊಡವೋ ಅಗ್ನಿಶಾಮಕವೋ ಕೈಗೆಟುಕುವಲ್ಲಿರಲಿ.

ರಾಶಿಯ ಒಳಗೆ ಬಿಸಿ, ಆವಿ ಇರುವುದು ಕೊಳೆಯುವಾಗ ಮಾಮೂಲಿ. ಸುಟ್ಟ ವಾಸನೆ, ಕರಿಬಣ್ಣ, ಹೊಗೆ ಇದ್ದರೆ ಆ ಮಾಲನ್ನು ಹಾಪರ್‌ಗೆ ಹಾಕಲೇಬೇಡಿ. ಒಳಗಿನ ಕಿಡಿಗೆ ನೀವೇ ತಿದಿ ಒತ್ತಿದಂತಾಗುತ್ತದೆ.

ಪೈಪು ಹಿಡಿದವನಿಗೆ ಶಾಕ್ ಹೊಡೆಯುತ್ತಿದೆ

ಕರೆಂಟಲ್ಲ. ಒಣ ಮಾಲು ಪೈಪಿಗೆ ಉಜ್ಜಿ ಹುಟ್ಟುವ ಸ್ಥಾಯಿ ವಿದ್ಯುತ್ತು. ಸ್ವೆಟರ್ ತೆಗೆಯುವಾಗ ಚಟಚಟ ಎನ್ನುತ್ತದಲ್ಲ, ಅದು. ಜೀವಕ್ಕೆ ಅಪಾಯವಿಲ್ಲ, ಆದರೆ ಇಳಿಜಾರಿನಲ್ಲಿ ಬೆಚ್ಚಿ ಜಾರಿದರೆ ಅಪಾಯವೇ. ಮಾಲಿಗೆ ನೀರು ಚಿಮುಕಿಸಿ, ಧೂಳೂ ಕೂರುತ್ತದೆ. ಪೈಪಿನೊಳಗೆ ತಂತಿ ಇರುವ ಜಾತಿಯದಾದರೆ ಎರಡೂ ತುದಿಯ ಲೋಹಕ್ಕೆ ಸೇರಿಸಿ, ಮೆಷಿನ್‌ಗೆ ಅರ್ಥ್ ಕೊಡಿ. ಡೀಸೆಲ್ ತುಂಬುವಾಗ ಊದುವುದು ನಿಂತಿರಲಿ. ತೋಟದ ಮೇಲೆ ಹಾದ ವಿದ್ಯುತ್ ಲೈನಿನ ಕೆಳಗೆ ಉದ್ದನೆಯ ಲೋಹದ ಬಾಯಿ ಎತ್ತುವುದಂತೂ ಬೇಡವೇ ಬೇಡ. ಅಲ್ಲಿ ಹೊಡೆಯುವುದು ಬೇರೆ ಶಾಕು.

ಮೆಷಿನ್ ಚೆನ್ನಾಗಿತ್ತು, ಎರಡು ದಿನಕ್ಕೆ ಗಿಡ ಸುಟ್ಟಂತಾಗಿದೆ

ಈ ದೂರು ಕೆಲಸ ಮುಗಿದ ಮೇಲೆ ಬರುತ್ತದೆ. ಎಲೆಯ ಅಂಚು ಕಂದಿದೆ, ಸಣ್ಣ ಹೂಗಿಡಗಳು ಬಾಡಿವೆ. ಉಳಿದ ರಾಶಿಯನ್ನು ಮೂಸಿ ನೋಡಿ. ಮಣ್ಣಿನ ವಾಸನೆ ಇದ್ದರೆ ಮಾಲು ಒಳ್ಳೆಯದು. ಹುಳಿ, ವಿನೆಗರ್, ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಅದು ಗಾಳಿಯಿಲ್ಲದೆ ಕೊಳೆತ ಮಾಲು. ಒದ್ದೆ ಚಕ್ಕೆಯನ್ನು ಎತ್ತರದ ರಾಶಿ ಹಾಕಿ ಟಾರ್ಪಾಲ್ ಬಿಗಿದು ತಿಂಗಳುಗಟ್ಟಲೆ ಬಿಟ್ಟರೆ ಹೀಗಾಗುತ್ತದೆ. ಅದರ ಹುಳಿ ಎಳೆ ಗಿಡವನ್ನು ಸುಡುತ್ತದೆ. ಹಾಸಿದ್ದನ್ನು ಗಿಡದ ಬಳಿಯಿಂದ ಎಳೆದು, ಬುಡಕ್ಕೆ ಧಾರಾಳವಾಗಿ ನೀರು ಬಿಡಿ. ಉಳಿದ ರಾಶಿಯನ್ನು ಹರಡಿ, ಮಗುಚುತ್ತಾ ವಾಸನೆ ಹೋಗುವವರೆಗೆ ಬಿಡಿ.

ವಾಸನೆ ಸರಿ ಇದ್ದರೆ ದಪ್ಪ ಅಳೆಯಿರಿ. ಬ್ಲೋವರ್‌ನಲ್ಲಿ ಕೈ ನಿಂತರೆ ಒಂದೇ ಕ್ಷಣಕ್ಕೆ ಆರು ಇಂಚು ಗುಡ್ಡೆ ಬೀಳುತ್ತದೆ. 2–3 ಇಂಚು ಸಾಕು. ಲೆಕ್ಕಕ್ಕೆ 100 ಘನ ಅಡಿ ಮಾಲು 3 ಇಂಚು ದಪ್ಪಕ್ಕೆ 400 ಚದರ ಅಡಿ ಹಾಸುತ್ತದೆ. ಅಷ್ಟು ಜಾಗ ಮುಗಿಯುವ ಮೊದಲೇ ಮಾಲು ಮುಗಿದಿದ್ದರೆ ಎಲ್ಲೋ ದಪ್ಪ ಬಿದ್ದಿದೆ. ಕಾಂಡದ ಸುತ್ತ ಒಂದು ಗೇಣು ಬಿಡಿ. ಕಾಂಡಕ್ಕೆ ಒತ್ತಿ ಬಿದ್ದ ಮಲ್ಚ್ ತೊಗಟೆ ಕೊಳೆಸುತ್ತದೆ, ಗೆದ್ದಲಿಗೂ ದಾರಿ. ಮನೆಯ ಗೋಡೆ, ಮರದ ಕಂಬಗಳ ಹತ್ತಿರವೂ ಅಷ್ಟೇ ಜಾಗ ಖಾಲಿ ಇರಲಿ. ಗುಡ್ಡೆ ಬಿದ್ದದ್ದನ್ನು ಮತ್ತೆ ಊದಿ ಹರಡಲು ಹೋಗಬೇಡಿ, ಮಣ್ಣು ಕಿತ್ತು ಬರುತ್ತದೆ. ಕುಂಟೆಯಲ್ಲಿ ಎಳೆಯಿರಿ.